ಅಜ್ಜನ ಸಹಿ ಸಣ್ಣದಾಗುವುದೇಕೆ?

ಮಕ್ಕಳೇ, ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೆ ಜನರ ಮುಖಕ್ಕಿಂತ ಸಹಿಯೇ ಹೆಚ್ಚು ನೆನಪಿರುತ್ತದೆ. ಕೆಲವು ಪಿಂಚಣಿದಾರರ ಸಹಿ ವರ್ಷದಿಂದ ವರ್ಷಕ್ಕೆ ಇರುವೆ ಸಾಲಿನಂತೆ ಕಿರಿದಾಗುತ್ತ ಹೋಗುವುದನ್ನು ನಾನು ಕಂಡಿದ್ದೇನೆ. ‘ವಯಸ್ಸಾಯಿತು’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಅದು ಪಾರ್ಕಿನ್ಸನ್ ಕಾಯಿಲೆಯ ಗುರುತೂ ಇರಬಹುದು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರಿಸಿ ಬರೆದರು. ಆಯುರ್ವೇದದವರು ಕಂಪವಾತ ಎನ್ನುತ್ತಾರೆ.

ನಡುಗುವುದು ಕೈ, ದೋಷ ಇರುವುದು ತಲೆಯೊಳಗೆ. ಮಿದುಳಿನ ನಡುಭಾಗದಲ್ಲಿ ಕಪ್ಪನೆಯ ಎರಡು ಸಣ್ಣ ಪಟ್ಟಿಗಳಿವೆ. ಅಲ್ಲಿನ ಜೀವಕೋಶಗಳು ಡೋಪಮಿನ್ ಎಂಬ ರಾಸಾಯನಿಕ ತಯಾರಿಸಿ, ನಮ್ಮ ಚಲನೆಯನ್ನು ಹದಗೊಳಿಸುವ ಭಾಗಕ್ಕೆ ಕಳಿಸುತ್ತವೆ. ಗಂಗಾವತಿಯವರಿಗೆ ಇದು ಬೇಗ ತಿಳಿದೀತು: ಮುನಿರಾಬಾದಿನಲ್ಲಿ ಎಡದಂಡೆ ಕಾಲುವೆಗೆ ನೀರು ಕಡಿಮೆಯಾದರೆ ಕೊನೆಯ ಭಾಗದ ಗದ್ದೆ ಒಣಗುತ್ತದೆ. ಡೋಪಮಿನ್ ಇಳಿದಾಗಲೂ ಹಾಗೆಯೇ. ನಡಿಗೆ ನಿಧಾನವಾಗುತ್ತದೆ, ಸ್ನಾಯು ಬಿಗಿಯುತ್ತದೆ, ಮುಖದ ಮೇಲೆ ನಗೆ ಮೂಡುವುದಿಲ್ಲ. ‘ಅಜ್ಜನಿಗೆ ಸಿಟ್ಟು’ ಎಂದು ಮೊಮ್ಮಕ್ಕಳು ದೂರ ಸರಿಯುತ್ತಾರೆ. ಪಾಪ, ಅಜ್ಜ ಒಳಗೊಳಗೇ ನಗುತ್ತಿರುತ್ತಾನೆ!

ಕೋಶಗಳು ಸಾಯುವುದೇಕೆ? ಸರಿಯಾಗಿ ಕಲಕದ ಜೋಳದ ಅಂಬಲಿ ಗಂಟು ಕಟ್ಟುತ್ತದಲ್ಲ, ಹಾಗೆ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನು ಕೋಶದೊಳಗೆ ಗಂಟುಗಟ್ಟುತ್ತದೆ. ಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾಗಳೂ ಸೋಲುತ್ತವೆ. ಕೆಲವರಲ್ಲಿ ಕೈ ನಡುಗುವ ಎಷ್ಟೋ ವರ್ಷ ಮೊದಲೇ ವಾಸನೆ ತಿಳಿಯದಾಗುತ್ತದೆ, ಮಲಬದ್ಧತೆ ಶುರುವಾಗುತ್ತದೆ. ನಡುಕ ಕಾಣುವ ಹೊತ್ತಿಗೆ ಆ ಪಟ್ಟಿಯ ಕೋಶಗಳಲ್ಲಿ ಸುಮಾರು ಅರ್ಧ ಹೋಗಿರುತ್ತವೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಒಂದು ಬ್ಯಾಂಕ್ ಇದೆ, ಮಿದುಳಿನ ಬ್ಯಾಂಕ್. ದಾನವಾಗಿ ಬಂದ ಮಿದುಳುಗಳನ್ನು ಅಲ್ಲಿ ಕಾಪಾಡುತ್ತಾರೆ. ಅವುಗಳಲ್ಲಿ ಈ ಕಾಯಿಲೆ ಇಲ್ಲದವರ ಮಿದುಳುಗಳನ್ನು ನೋಡಿದ ಅಲ್ಲಿನ ವಿಜ್ಞಾನಿಗಳು, ಭಾರತೀಯರಲ್ಲಿ ಈ ಕೋಶಗಳ ಸಂಖ್ಯೆ ಬರೀ ವಯಸ್ಸಿನಿಂದ ಕುಸಿಯುವುದಿಲ್ಲ ಎಂದು 2009ರಲ್ಲಿ ವರದಿ ಮಾಡಿದರು. ವಯಸ್ಸು ಅಪಾಯ ಹೆಚ್ಚಿಸುತ್ತದೆ, ನಿಜ. ಆದರೆ ಅದೊಂದೇ ಕಾರಣವಲ್ಲ. ಕೆಲವು ಮನೆತನಗಳಲ್ಲಿ ವಂಶವಾಹಿಯ ದೋಷವಿರುತ್ತದೆ. ಪ್ಯಾರಾಕ್ವಾಟ್‌ನಂಥ ಕಳೆನಾಶಕದ ಸಂಪರ್ಕಕ್ಕೂ ಈ ಕಾಯಿಲೆಗೂ ನಂಟು ಕಂಡಿದೆ. ಬರಿಮೈಯಲ್ಲಿ ಗದ್ದೆಗೆ ‘ಎಣ್ಣೆ’ ಹೊಡೆಯುವ ನಮ್ಮವರು ಇದನ್ನು ಓದಲಿ. ಅಂದಹಾಗೆ, ಇದು ಅಂಟುರೋಗವಲ್ಲ. ಅಜ್ಜನ ತಟ್ಟೆಯಲ್ಲಿ ಧಾರಾಳವಾಗಿ ಉಣ್ಣಿ.

ಮೈಗೆ ತಾಗಿದರೆ ತುರಿಸಿ ಕುಣಿಸುವ ನಸುಗುನ್ನಿ ಗೊತ್ತಲ್ಲ? ಅದರ ಬೀಜದಿಂದ 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಲೆವೊಡೋಪಾ ಬೇರ್ಪಡಿಸಿದರು. ಮಿದುಳು ಅದನ್ನು ಡೋಪಮಿನ್ ಆಗಿ ಬದಲಿಸಿಕೊಳ್ಳುತ್ತದೆ. ಹಾಗೆಂದು ಬೀಜ ಕುಟ್ಟಿ ತಿನ್ನಬೇಡಿ, ಅಳತೆ ವೈದ್ಯರದೇ. ಲೆವೊಡೋಪಾ ಗುಳಿಗೆ ಸತ್ತ ಕೋಶಗಳನ್ನು ಬದುಕಿಸುವುದಿಲ್ಲ, ಕೊರತೆಯನ್ನು ತುಂಬುತ್ತದೆ ಅಷ್ಟೆ. ಹೊತ್ತು ತಪ್ಪಿದರೆ ಕಾಲು ನೆಲಕ್ಕೆ ಅಂಟಿದಂತಾಗುತ್ತದೆ. ಗಡಿಯಾರ ನೋಡಿ ನೆನಪಿಸುವ ಕೆಲಸ ಮೊಮ್ಮಕ್ಕಳದು.