ಪೊಟ್ಟಣ ಓದಿ, ಆಮೇಲೆ ಡೈ ಹಚ್ಚಿ



ಕೂದಲು ನೆರೆಯುವುದು ರೋಗವಲ್ಲ. ತಪ್ಪಂತೂ ಅಲ್ಲವೇ ಅಲ್ಲ. ಕೆಲವರಿಗೆ ಮೂವತ್ತಕ್ಕೇ ಶುರು. ಕೆಲವರಿಗೆ ಐವತ್ತಾದರೂ ಒಂದೆರಡು ಬಿಳಿ ಎಳೆ ಮಾತ್ರ. ಅಪ್ಪ ಅಮ್ಮನಿಗೆ ಬೇಗ ನೆರೆತಿದ್ದರೆ ಮಕ್ಕಳಿಗೂ ಬೇಗ ನೆರೆಯುವುದು ಹೆಚ್ಚು.

ಆದರೂ ಡೈ ಹಚ್ಚಿಕೊಳ್ಳುವವರು ಬಹಳ ಮಂದಿ. "ಮಗಳ ಮದುವೆ ಬಂತು" ಅನ್ನುತ್ತಾರೆ ಒಬ್ಬರು. "ಕೆಲಸ ಕೇಳೋಕೆ ಹೋದ್ರೆ ತಲೆ ನೋಡಿ ವಯಸ್ಸಾಯ್ತು ಅಂತಾರೆ" ಅನ್ನುತ್ತಾರೆ ಇನ್ನೊಬ್ಬರು. "ಕನ್ನಡಿ ನೋಡ್ಕೊಂಡ್ರೆ ನಂಗೇ ಬೇಜಾರು" ಅನ್ನುವವರೂ ಇದ್ದಾರೆ. ಯಾವ ಕಾರಣವೂ ಸಣ್ಣದಲ್ಲ. ಗಂಡಸರು ಮೀಸೆಗೆ ಕಪ್ಪು ಹಚ್ಚಿದರೆ ಯಾರೂ ಕೇಳುವುದಿಲ್ಲ. ಹೆಂಗಸು ಹಚ್ಚಿದರೆ "ಈ ವಯಸ್ಸಲ್ಲಿ ಇದೆಲ್ಲ ಯಾಕೆ" ಅನ್ನುತ್ತಾರೆ. ಅನ್ನಲಿ ಬಿಡಿ. ಹಚ್ಚುವುದು, ಬಿಡುವುದು ನಮ್ಮ ನಮ್ಮ ಇಷ್ಟ.

ನಾವು ಇಲ್ಲಿ ಹೇಳುವ ಮಾತು ಬೇರೆ. ಕಿರಾಣಿ ಅಂಗಡಿಯಲ್ಲಿ ಶಾಂಪೂ ಪಕ್ಕದಲ್ಲೇ ಡೈ ಪೊಟ್ಟಣವನ್ನೂ ನೇತು ಹಾಕಿರುತ್ತಾರೆ. ಎರಡೂ ಒಂದೇ ಅಳತೆ. ಆದರೆ ಡೈ ಶಾಂಪೂ ಹಾಗಲ್ಲ. ಅದು ಖಾರದ ರಾಸಾಯನಿಕ. ಎಲ್ಲರ ಮೈಗೂ ಅದು ಒಗ್ಗುವುದಿಲ್ಲ. ನಮ್ಮ ಮೈಗೆ ಒಗ್ಗುತ್ತದೆಯೋ ಇಲ್ಲವೋ ಎಂದು ಮೊದಲೇ ತಿಳಿಯುವ ದಾರಿ ಇದೆ. ಆ ದಾರಿಯನ್ನು ಪೊಟ್ಟಣದ ಮೇಲೆಯೇ ಬರೆದಿರುತ್ತಾರೆ. ಓದದೆ ಹರಿದು ಬಿಸಾಡುತ್ತೇವೆ, ಅಷ್ಟೆ.

ಸಣ್ಣ ಅಕ್ಷರದಲ್ಲಿ ಏನಿದೆ?

ನಮ್ಮ ದೇಶದಲ್ಲಿ ಡೈ ಪೊಟ್ಟಣಗಳಿಗೆ ಒಂದು ಕಾನೂನು ಇದೆ. ಪೊಟ್ಟಣದ ಮೇಲೆ ಎಚ್ಚರಿಕೆಯ ಮಾತು ಇರಲೇಬೇಕು. ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಸಾಲದು. ಸ್ಥಳೀಯ ಭಾಷೆಗಳಲ್ಲೂ ಇರಬೇಕು. ಅಂದರೆ ಆ ಮಾತು ಬರೆದಿರುವುದು ನಮಗಾಗಿಯೇ.

ಅದರಲ್ಲಿ ಎರಡು ವಿಷಯ ಇರುತ್ತವೆ. ಈ ವಸ್ತುವಿನಿಂದ ಕೆಲವರ ಚರ್ಮ ಕೆರಳಬಹುದು, ಆದ್ದರಿಂದ ಮೊದಲು ಪರೀಕ್ಷೆ ಮಾಡಿ ನೋಡಿ ಎಂಬುದು ಒಂದು. ಹುಬ್ಬಿಗೆ, ಕಣ್ಣಿನ ರೆಪ್ಪೆಗೆ ಇದನ್ನು ಹಚ್ಚಬೇಡಿ, ಹಚ್ಚಿದರೆ ಕಣ್ಣೇ ಹೋಗಬಹುದು ಎಂಬುದು ಇನ್ನೊಂದು. ಕಣ್ಣೇ ಹೋಗಬಹುದು! ಇಂಥ ಮಾತನ್ನು ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಬಣ್ಣದ ಹೆಸರು ಮಾತ್ರ ದಪ್ಪಕ್ಷರದಲ್ಲಿ.

ಪರೀಕ್ಷೆ ಮಾಡುವ ಕ್ರಮ ಒಳಗೆ ಮಡಚಿಟ್ಟ ಚೀಟಿಯಲ್ಲಿ ಇರುತ್ತದೆ. ಕೆಲವು ಪೊಟ್ಟಣಗಳಲ್ಲಿ ಹಿಂಬದಿಗೇ ಅಚ್ಚಾಗಿರುತ್ತದೆ. ಹಲವು ಭಾಷೆ ಒಟ್ಟಿಗೆ ಇರುತ್ತವೆ. ಗಾಬರಿ ಬೇಡ. ನಿಧಾನವಾಗಿ ಕನ್ನಡ ಎಲ್ಲಿದೆ ಹುಡುಕಿ. ಬೆಳಕಿಗೆ ಹಿಡಿದು ಓದಿ. ಪೊಟ್ಟಣದಲ್ಲಿ ಎಲ್ಲಿಯೂ ಕನ್ನಡ ಇಲ್ಲದಿದ್ದರೆ ಅದನ್ನು ಕೊಳ್ಳದಿರುವುದೇ ವಾಸಿ.

ಇನ್ನೊಂದು ಹೆಸರು ಗೊತ್ತಿರಲಿ. ಪಿ.ಪಿ.ಡಿ. ಇದರ ಪೂರ್ತಿ ಹೆಸರು ಪ್ಯಾರಾಫಿನೈಲಿನ್ ಡೈಅಮೀನ್. ಬಾಯಿ ಹೊರಳದಿದ್ದರೆ ಚಿಂತೆ ಇಲ್ಲ. ಪಿ.ಪಿ.ಡಿ. ಎಂದು ನೆನಪಿಟ್ಟರೆ ಸಾಕು. ಕಪ್ಪು ಡೈಗಳಲ್ಲಿ ಹೆಚ್ಚಾಗಿ ಬಣ್ಣ ಕೊಡುವುದು ಇದೇ. ಚರ್ಮಕ್ಕೆ ತೊಂದರೆ ಕೊಡುವುದೂ ಹೆಚ್ಚಾಗಿ ಇದೇ. ಒಳಗಿರುವ ವಸ್ತುಗಳ ಪಟ್ಟಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಹೈಸ್ಕೂಲಿಗೆ ಹೋಗುವ ಮಕ್ಕಳಿಂದ ಓದಿಸಿ. "ಫಿನೈಲಿನ್ ಡೈಅಮೀನ್ ಅಂತ ಇದೆಯಾ ನೋಡು" ಅಂತ ಕೇಳಿ.

ತೊಳೆದರೂ ಬಣ್ಣ ಯಾಕೆ ಹೋಗುವುದಿಲ್ಲ?

ನಮ್ಮ ಕೂದಲಿನ ಹೊರಮೈ ಮನೆಯ ಮಾಡಿಗೆ ಹೆಂಚು ಹೊದಿಸಿದ ಹಾಗೆ ಇರುತ್ತದೆ. ಒಂದರ ಮೇಲೊಂದು ಪದರ. ಡೈ ಕಲಸಿ ಹಚ್ಚಿದಾಗ ಈ ಹೆಂಚುಗಳು ಸ್ವಲ್ಪ ಮೇಲೇಳುತ್ತವೆ. ಆ ಸಂದಿನಲ್ಲಿ ಡೈಯ ಅಂಶ ಒಳಗೆ ನುಗ್ಗುತ್ತದೆ. ಒಳಗೆ ಹೋಗುವಾಗ ಅದು ಬಹಳ ಸಣ್ಣದು. ಬಣ್ಣವೂ ಇರುವುದಿಲ್ಲ. ಒಳಗೆ ಹೋದ ಮೇಲೆ ಆಮ್ಲಜನಕದ ಜೊತೆ ಸೇರಿ ದೊಡ್ಡದಾಗುತ್ತದೆ, ಕಪ್ಪಾಗುತ್ತದೆ. ಆಮೇಲೆ ಹೊರಗೆ ಬರಲು ಆಗುವುದಿಲ್ಲ. ಬಾಟಲಿಯೊಳಗೆ ಸೌತೆಯ ಹೀಚನ್ನು ಬಿಟ್ಟು ಬೆಳೆಸಿದರೆ ಕಾಯಿ ಹೊರಗೆ ಬಂದೀತೇ? ಹಾಗೆಯೇ ಇದು.

ಈ ವಿದ್ಯೆ ಹೊಸದಲ್ಲ. ಫ್ರಾನ್ಸ್ ದೇಶದ ಪ್ಯಾರಿಸ್ ಪಟ್ಟಣದಲ್ಲಿ ಯೂಜೀನ್ ಶ್ಯುಲೇರ್ ಎಂಬಾತ 1907ರ ಹೊತ್ತಿಗೇ ರಾಸಾಯನಿಕ ಡೈ ತಯಾರಿಸಿ ಕ್ಷೌರದ ಅಂಗಡಿಗಳಿಗೆ ಮಾರುತ್ತಿದ್ದ.

"ಡೈ ಹಚ್ಚಿದ್ರೆ ಕಪ್ಪಿರೋ ಕೂದಲೂ ಬೆಳ್ಳಗಾಗ್ತದಂತೆ" ಎಂದು ಕೆಲವರು ಕೇಳುತ್ತಾರೆ. ಇಲ್ಲ. ಕೂದಲಿಗೆ ಕಪ್ಪು ಬಣ್ಣ ಸಿಗುವುದು ಚರ್ಮದ ಒಳಗೆ, ಬೇರಿನ ಹತ್ತಿರ. ಡೈ ಕೆಲಸ ಮಾಡುವುದು ಹೊರಗೆ ಬಂದ ಕೂದಲಿನಲ್ಲಿ. ಒಂದು ಬಿಳಿ ಕೂದಲು ಕಿತ್ತರೆ ಹತ್ತು ಹುಟ್ಟುತ್ತವೆ ಎಂಬುದೂ ಸುಳ್ಳು.

ಯಾವುದನ್ನು ಕೊಳ್ಳಬೇಕು?

ಅಂಗಡಿಯಲ್ಲಿ ನೀರಲ್ಲಿ ಕಲಸುವ ಪುಡಿ ಸಿಗುತ್ತದೆ. ಎರಡು ಕ್ರೀಮ್ ಬೆರೆಸಿ ಹಚ್ಚುವುದು ಸಿಗುತ್ತದೆ. ಎಣ್ಣೆಯ ಹಾಗೆ ಸವರುವುದು ಇದೆ. ಶಾಂಪೂ ಹಾಗೆ ನೊರೆ ಬರುವುದೂ ಇದೆ. ರೂಪ ಬೇರೆ ಬೇರೆ. ಒಳಗಿನ ಸರಕು ಬಹಳ ಸಲ ಒಂದೇ. "ಅಮೋನಿಯಾ ಇಲ್ಲ" ಎಂದು ಬರೆದಿದ್ದರೆ ಘಾಟು ಕಡಿಮೆ ಇರುತ್ತದೆ. ಆದರೆ ಪಿ.ಪಿ.ಡಿ. ಇಲ್ಲ ಎಂದು ಅದರ ಅರ್ಥವಲ್ಲ. "ಹರ್ಬಲ್" ಎಂಬ ಮಾತನ್ನೂ ನಂಬಿ ಕೂರಬೇಡಿ. ನೆಲ್ಲಿಕಾಯಿ ಚಿತ್ರ ಮುಂದೆ ಇರುತ್ತದೆ, ಪಿ.ಪಿ.ಡಿ. ಹಿಂದೆ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು "ಕಪ್ಪು ಮೆಹಂದಿ"ಯಲ್ಲಿ. ಮೆಹಂದಿ ಎಂದರೆ ಗೋರಂಟಿ. ಗೋರಂಟಿ ಸೊಪ್ಪು ಅರೆದು ಹಚ್ಚಿದರೆ ಕೈ ಯಾವ ಬಣ್ಣ ಆಗುತ್ತದೆ? ಕೆಂಪು. ಬಿಳಿ ಕೂದಲಿಗೂ ಅದು ಕೆಂಪು ಬಣ್ಣವನ್ನೇ ಕೊಡುತ್ತದೆ. ಗೋರಂಟಿ ಒಂದರಿಂದಲೇ ಅರ್ಧ ಗಂಟೆಯಲ್ಲಿ ಕಾಗೆ ಕಪ್ಪು ಬರಲು ಸಾಧ್ಯವೇ ಇಲ್ಲ. ಹಾಗೆ ಕಪ್ಪಾದರೆ ಅದರಲ್ಲಿ ರಾಸಾಯನಿಕ ಬೆರೆಸಿದ್ದಾರೆ ಎಂದೇ ತಿಳಿಯಿರಿ. ಮದುವೆ ಮನೆಯಲ್ಲಿ ಕೈಗೆ ಕಪ್ಪು ಮೆಹಂದಿ ಹಾಕಿಸಿಕೊಂಡು ಬೊಬ್ಬೆ ಎದ್ದವರು ಇದ್ದಾರೆ. ಅಂಥವರು ಪಿ.ಪಿ.ಡಿ. ಇರುವ ಡೈಯನ್ನು ತಲೆಗೆ ಮುಟ್ಟಿಸಲೇಬಾರದು.

ರಾಸಾಯನಿಕ ಬೇಡ ಅನ್ನುವವರಿಗೆ ಒಂದು ದಾರಿ ಇದೆ. ಮೊದಲು ಬರೀ ಗೋರಂಟಿ ಪುಡಿ ಹಚ್ಚಿ ತೊಳೆಯುವುದು. ಆಮೇಲೆ ನೀಲಿ ಗಿಡದ ಎಲೆಯ ಪುಡಿ ಹಚ್ಚುವುದು. ಕೆಂಪು, ನೀಲಿ ಎರಡೂ ಸೇರಿ ಕಪ್ಪಿಗೆ ಹತ್ತಿರದ ಬಣ್ಣ ಬರುತ್ತದೆ. ಇದಕ್ಕೆ ಹೆಚ್ಚು ಹೊತ್ತು ಬೇಕು, ತಾಳ್ಮೆ ಬೇಕು. ಕೂಲಿಗೆ ಹೋಗುವವರಿಗೆ ವಾರದ ರಜೆಯೆಲ್ಲ ಇದಕ್ಕೇ ಹೋದೀತು. ಅದೂ ನಿಜವೇ.

ಬಣ್ಣ ಆರಿಸುವಾಗ ಪೊಟ್ಟಣದ ಮೇಲಿನ ಅಂಕಿ ನೋಡಿ. ಹಲವು ಕ್ರೀಮ್ ಪೊಟ್ಟಣಗಳಲ್ಲಿ 1 ಎಂದರೆ ಕಪ್ಪು. ಅಂಕಿ ಹೆಚ್ಚಾದಂತೆ ಬಣ್ಣ ತಿಳಿಯಾಗಿ ಕಂದಾಗುತ್ತದೆ. ಅಚ್ಚ ಕಪ್ಪು ಹಚ್ಚಿದರೆ ಟೋಪಿ ಇಟ್ಟ ಹಾಗೆ ಕಾಣಬಹುದು. ಗಾಢ ಕಂದು ನಮ್ಮ ಮುಖಕ್ಕೆ ಚೆನ್ನಾಗಿ ಹೊಂದುತ್ತದೆ ಎಂದು ನಮ್ಮ ಅನಿಸಿಕೆ. ಕೊನೆಯ ದಿನಾಂಕ ದಾಟಿದ ಪೊಟ್ಟಣ ಕೊಳ್ಳಬೇಡಿ.

ಮೊದಲು ಪರೀಕ್ಷೆ

ಇದನ್ನು ಯಾರೂ ಮಾಡುವುದಿಲ್ಲ. ಮಾಡಲೇಬೇಕಾದದ್ದು ಇದೇ.

ಕಿವಿಯ ಹಿಂದೆ ಅಥವಾ ಮೊಣಕೈ ಒಳಮಡಿಕೆಯ ಹತ್ತಿರ ಸೋಪು ಹಚ್ಚಿ ತೊಳೆದು ಒರೆಸಿ. ತಲೆಗೆ ಕಲಸುವ ಹಾಗೆಯೇ ಒಂದು ಚಿಟಿಕೆ ಡೈ ಕಲಸಿ. ಒಂದು ರೂಪಾಯಿ ಅಗಲಕ್ಕೆ ಸವರಿ. ಒಣಗಲು ಬಿಡಿ. 24 ಗಂಟೆ ಹಾಗೇ ಇರಲಿ. ಆಮೇಲೆ ಮೆಲ್ಲಗೆ ತೊಳೆದು ನೋಡಿ. ಕೆಲವರಿಗೆ ಎರಡನೆಯ ದಿನ ಕೆರೆತ ಬರುವುದುಂಟು. ಆದ್ದರಿಂದ ಒಟ್ಟು ಎರಡು ದಿನ ಕಾದರೆ ಒಳ್ಳೆಯದು. ಭಾನುವಾರ ಡೈ ಹಚ್ಚಬೇಕಾದರೆ ಶುಕ್ರವಾರ ಬೆಳಿಗ್ಗೆಯೇ ಪರೀಕ್ಷೆ ಮಾಡಿ.

ಆ ಜಾಗ ಕೆಂಪಾಯಿತೇ? ನವೆ ಬಂತೇ? ಊದಿತೇ? ಸಣ್ಣ ಗುಳ್ಳೆ ಎದ್ದವೇ? ಆ ಡೈ ನಿಮಗೆ ಬೇಡ. ಕೊಟ್ಟ ದುಡ್ಡು ಹೋದರೆ ಹೋಗಲಿ.

"ಹತ್ತು ವರ್ಷದಿಂದ ಹಚ್ತಾ ಇದೀನಿ, ನಂಗೇನೂ ಆಗಿಲ್ಲ" ಎಂದು ಒಬ್ಬ ಅಕ್ಕ ಕಲಿಕಾ ಕೇಂದ್ರದಲ್ಲಿ ಹೇಳಿದರು. ಅವರ ಮಾತು ಸುಳ್ಳಲ್ಲ. ಆದರೆ ಪಿ.ಪಿ.ಡಿ. ಗುಣವೇ ಬೇರೆ. ಮೊದಲ ಹಲವು ಸಲ ಏನೂ ಆಗದಿರಬಹುದು. ಅಷ್ಟರಲ್ಲಿ ಮೈ ಅದನ್ನು ಗುರುತು ಹಿಡಿದಿರುತ್ತದೆ, ಶತ್ರು ಎಂದು. ಮುಂದೆ ಯಾವುದೋ ಒಂದು ಸಲ ತಿರುಗಿ ಬೀಳುತ್ತದೆ. ಒಮ್ಮೆ ಹಾಗಾದರೆ ಆಮೇಲೆ ಜೀವನಪೂರ್ತಿ ಅದು ಒಗ್ಗುವುದಿಲ್ಲ. ಅದಕ್ಕೇ ಪ್ರತಿ ಸಲವೂ ಪರೀಕ್ಷೆ ಮಾಡಿ ಎಂದು ಚೀಟಿಯಲ್ಲಿ ಬರೆದಿರುತ್ತಾರೆ.

ಹಚ್ಚುವ ದಿನ

ನೆತ್ತಿಯಲ್ಲಿ ಗಾಯ, ಕಜ್ಜಿ, ಹೇನು ಕೆರೆದು ಆದ ಹುಣ್ಣು ಇದ್ದರೆ ಮಾಯುವ ತನಕ ತಡೆಯಿರಿ. ಬಸುರಿಯರು ಡಾಕ್ಟರನ್ನೋ ಆರೋಗ್ಯ ಕೇಂದ್ರದ ಸಿಸ್ಟರನ್ನೋ ಕೇಳಿ ಮುಂದುವರಿಯಿರಿ.

ಹಳೆಯ ಸೀರೆ ಉಟ್ಟುಕೊಳ್ಳಿ. ಗಾಳಿ ಆಡುವ ಜಗಲಿಯಲ್ಲಿ ಕೂತುಕೊಳ್ಳಿ. ಹಣೆಯ ಅಂಚು, ಕಿವಿ, ಕತ್ತಿಗೆ ಕೊಬ್ಬರಿ ಎಣ್ಣೆ ಸವರಿ. ಆಗ ಚರ್ಮಕ್ಕೆ ಕಲೆ ಹಿಡಿಯುವುದಿಲ್ಲ. ಕೂದಲಿಗೆ ಮಾತ್ರ ಎಣ್ಣೆ ಬೇಡ. ಕೈಗೆ ಪೊಟ್ಟಣದಲ್ಲಿ ಬರುವ ಕೈಚೀಲ ಹಾಕಿಕೊಳ್ಳಿ. ಅದು ಇಲ್ಲದಿದ್ದರೆ ಪ್ಲಾಸ್ಟಿಕ್ ಕವರನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಿ. ಬರಿಗೈಯಲ್ಲಿ ಕಲಸಬೇಡಿ.

ಕಲಸಲು ಪ್ಲಾಸ್ಟಿಕ್, ಗಾಜು ಅಥವಾ ಪಿಂಗಾಣಿ ಬಟ್ಟಲು ಸಾಕು. ಸ್ಟೀಲು, ಅಲ್ಯುಮಿನಿಯಂ, ಹಿತ್ತಾಳೆ ಬೇಡ. ಆ ಬಟ್ಟಲು ಮತ್ತೆ ಅಡುಗೆಮನೆಗೆ ಹೋಗಬಾರದು. ಅಳತೆ ಚೀಟಿಯಲ್ಲಿ ಇದ್ದಂತೆಯೇ ಇರಲಿ. ಕಲಸಿ ಉಳಿದದ್ದನ್ನು ಸೀಸೆಯಲ್ಲಿ ತುಂಬಿ ಇಡಬೇಡಿ. ಗಾಳಿ ಹುಟ್ಟಿ ಸೀಸೆ ಒಡೆಯುವುದುಂಟು.

ಕೂದಲನ್ನು ನಾಲ್ಕು ಭಾಗ ಮಾಡಿ. ಬಿಳಿ ಹೆಚ್ಚಿರುವ ಕಡೆ ಮೊದಲು ಹಚ್ಚಿ. ಸಾಮಾನ್ಯವಾಗಿ ಬೈತಲೆ, ಹಣೆಯ ಅಂಚು, ಕಿವಿಯ ಮೇಲ್ಭಾಗ. ಹಳೆಯ ಹಲ್ಲುಜ್ಜುವ ಬ್ರಷ್ ಒಳ್ಳೆಯ ಸಾಧನ. ಕೂದಲಿಗೆ ಹಚ್ಚಿ, ನೆತ್ತಿಗೆ ತಿಕ್ಕಬೇಡಿ. ಗಡಿಯಾರ ನೋಡಿ. ಚೀಟಿಯಲ್ಲಿ 30 ನಿಮಿಷ ಎಂದಿದ್ದರೆ 30 ನಿಮಿಷ ಅಷ್ಟೆ. "ಇನ್ನೂ ಸ್ವಲ್ಪ ಹೊತ್ತು ಇದ್ರೆ ಚೆನ್ನಾಗಿ ಹಿಡಿಯುತ್ತೆ" ಎಂದು ರೊಟ್ಟಿ ತಟ್ಟಲು ಹೋಗಬೇಡಿ. ಹಾಗೇ ನಿದ್ದೆಗೆ ಜಾರಲೂಬಾರದು. ನೀರು ತಿಳಿಯಾಗುವ ತನಕ ತಲೆಯನ್ನು ಮುಂದಕ್ಕೆ ಬಗ್ಗಿಸಿ, ಕಣ್ಣು ಮುಚ್ಚಿ ತೊಳೆಯಿರಿ.

ಉರಿ ಬಂದರೆ, ಊದಿದರೆ

ಹಚ್ಚಿದ ಕೂಡಲೇ ಜೋರು ಉರಿ ಬಂದರೆ ಕಾಯಬೇಡಿ. ಆಗಲೇ ತೊಳೆಯಿರಿ. ಕಣ್ಣಿಗೆ ಬಿದ್ದರೆ ತುಂಬಾ ನೀರು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಕೆಲವರಿಗೆ ಅಂದು ಏನೂ ಆಗುವುದಿಲ್ಲ. ಮಾರನೆಯ ದಿನವೋ ಅದರ ಮಾರನೆಯ ದಿನವೋ ನೆತ್ತಿ ನವೆ ಆಗುತ್ತದೆ. ಕಿವಿ, ಹಣೆ ಕೆಂಪಾಗುತ್ತವೆ. ಬೆಳಿಗ್ಗೆ ಏಳುವಾಗ ಕಣ್ಣಿನ ರೆಪ್ಪೆ ಊದಿ ತೆರೆಯಲು ಆಗುವುದಿಲ್ಲ. "ದೃಷ್ಟಿ ತಾಗಿದೆ", "ಹುಳ ಕಚ್ಚಿದೆ" ಎಂದು ಮನೆಯಲ್ಲೇ ಕೂರುತ್ತಾರೆ. ಅರಿಶಿನ, ಸುಣ್ಣ ಬಳಿಯುತ್ತಾರೆ. ಅದೆಲ್ಲ ಬೇಡ. ಖಾಲಿ ಪೊಟ್ಟಣವನ್ನು ಕೈಯಲ್ಲಿ ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. "ಡೈ ಹಚ್ಚಿದ್ದೆ" ಎಂದು ಹೇಳಲು ನಾಚಿಕೆ ಬೇಡ. ಹೇಳಿದರೆ ಡಾಕ್ಟರಿಗೆ ಕಾರಣ ತಟ್ಟನೆ ತಿಳಿಯುತ್ತದೆ. ಉಸಿರಾಡಲು ಕಷ್ಟವಾದರೆ, ನಾಲಿಗೆ, ತುಟಿ ಊದಿದರೆ ಒಂದು ನಿಮಿಷವೂ ತಡ ಮಾಡದೆ 108ಕ್ಕೆ ಫೋನು ಮಾಡಿ.

ಡೈ ಹೊಟ್ಟೆಗೆ ಹೋದರೆ ವಿಷ. ಗಂಟಲು ಊದಿ ಉಸಿರು ಕಟ್ಟುತ್ತದೆ, ಮೂತ್ರಪಿಂಡ ಕೆಡುತ್ತದೆ. ಮಗು ಗೊತ್ತಿಲ್ಲದೆ ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಲು ಹೋಗಬೇಡಿ. ಪೊಟ್ಟಣದ ಸಮೇತ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಈಗ ಚೆನ್ನಾಗಿದೆ ಎಂದು ಕಂಡರೂ ಕರೆದೊಯ್ಯಿರಿ.

ಮುಂದಿನ ಸಲ

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹೊಸದಾಗಿ ಬೆಳೆದದ್ದು ಬಿಳಿಯಾಗಿಯೇ ಬರುತ್ತದೆ. ಆದ್ದರಿಂದ ತಿಂಗಳು ಕಳೆದ ಮೇಲೆ ಬುಡದಲ್ಲಿ ಬಿಳಿ ಗೆರೆ ಕಾಣುತ್ತದೆ. ಆಗ ಪೂರ್ತಿ ಜಡೆಗೆ ಮತ್ತೆ ಹಚ್ಚುವ ಅಗತ್ಯವಿಲ್ಲ. ಕೆಳಗಿನ ಕೂದಲಲ್ಲಿ ಹಳೆಯ ಬಣ್ಣ ಇದ್ದೇ ಇದೆ. ಅದಕ್ಕೇ ಮತ್ತೆ ಮತ್ತೆ ಹಚ್ಚಿದರೆ ಕೂದಲು ಒರಟಾಗಿ ತುಂಡಾಗುತ್ತದೆ. ಬುಡಕ್ಕೆ ಮಾತ್ರ ಹಚ್ಚಿ. ಪುಡಿಯಾದರೆ ಅರ್ಧ ಪೊಟ್ಟಣ ಸಾಕಾಗುತ್ತದೆ. ಉಳಿದ ಒಣ ಪುಡಿಯನ್ನು ಚೀಟಿಯ ಜೊತೆಗೇ ಬಿಗಿಯಾಗಿ ಕಟ್ಟಿ, ಟ್ರಂಕಿನೊಳಗೆ ಇಟ್ಟು ಬೀಗ ಹಾಕಿ.