ಉತ್ತರ ಬಾರದಿದ್ದಾಗ ಹಣ ಎಲ್ಲಿರುತ್ತದೆ?

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಅಂಗಡಿಗಳಲ್ಲಿಯೂ ಇಂದು ಮೊಬೈಲ್ ಮೂಲಕ ಹಣ ಪಾವತಿ ನಡೆಯುತ್ತದೆ. ಜೇವರ್ಗಿ ಕಡೆಯ ರೈತರೊಬ್ಬರು ಅಫಜಲಪುರದಲ್ಲಿ ತೊಗರಿ ಬೀಜ ಕೊಂಡು 1,800 ರೂಪಾಯಿ ಪಾವತಿಸಿದರು ಎಂದಿಟ್ಟುಕೊಳ್ಳಿ. ಅವರ ಖಾತೆಯಿಂದ ಹಣ ಹೋಗಿದೆ, ಅಂಗಡಿಯವರಿಗೆ ಬಂದಿಲ್ಲ. ಮತ್ತೊಮ್ಮೆ ಪಾವತಿಸಬೇಕೆ, ಕಾಯಬೇಕೆ? ಮಳೆ ಬಿದ್ದ ಮೇಲೆ ಬಿತ್ತನೆಯ ಹದ ಕಾಯುವುದಿಲ್ಲ. ಇಂತಹ ಗಳಿಗೆಯಲ್ಲಿ ಹಣ ಕಳೆಯದಂತೆ, ಎರಡು ಬಾರಿ ಕಡಿತವಾಗದಂತೆ ನೋಡಿಕೊಳ್ಳುವುದೇ ಪಾವತಿ ಜಾಲದ ವಿನ್ಯಾಸದಲ್ಲಿರುವ ಮುಖ್ಯ ಸವಾಲು.

ಕೇಂದ್ರ ಕೊಂಡಿ

600 ಬ್ಯಾಂಕುಗಳಿವೆ ಎನ್ನೋಣ. ಪ್ರತಿ ಎರಡು ಬ್ಯಾಂಕುಗಳ ನಡುವೆ ನೇರ ಸಂಪರ್ಕ ಬೇಕೆಂದರೆ 600×599÷2, ಅಂದರೆ 1,79,700 ಕೊಂಡಿಗಳು ಬೇಕು. ನಡುವೆ ಒಂದು ಕೇಂದ್ರವಿದ್ದರೆ 600 ಸಾಕು. ನಮ್ಮ ದೇಶದಲ್ಲಿ ಈ ಕೇಂದ್ರದ ಕೆಲಸವನ್ನು 2008ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ ಮಾಡುತ್ತದೆ. ಅದರ ಯುಪಿಐ ವ್ಯವಸ್ಥೆ 2016ರ ಏಪ್ರಿಲ್‌ನಲ್ಲಿ ಆರಂಭವಾಯಿತು.

ಕೇಂದ್ರವು ಮೊದಲು ಕೊಡುವವರ ಬ್ಯಾಂಕಿಗೆ ‘ಕಡಿತ ಮಾಡು’ ಎಂಬ ಸಂದೇಶ ಕಳುಹಿಸುತ್ತದೆ. ‘ಆಯಿತು’ ಎಂಬ ಉತ್ತರ ಬಂದ ಮೇಲೆ ಪಡೆಯುವವರ ಬ್ಯಾಂಕಿಗೆ ‘ಜಮಾ ಮಾಡು’ ಎನ್ನುತ್ತದೆ. ಈ ಕ್ರಮ ಏಕೆ? ಮೊದಲು ಜಮಾ ಮಾಡಿದರೆ, ಕೊಡುವವರ ಖಾತೆಯಲ್ಲಿ ಹಣವೇ ಇಲ್ಲದಿದ್ದಾಗ ಇಲ್ಲದ ಹಣವನ್ನು ಕೊಟ್ಟಂತಾಗುತ್ತದೆ.

ಮೌನಕ್ಕೆ ಮೂರು ಅರ್ಥ

‘ಜಮಾ ಮಾಡು’ ಎಂಬ ಸಂದೇಶಕ್ಕೆ ಉತ್ತರ ಬರಲಿಲ್ಲವೆನ್ನಿ. ಸಂದೇಶ ತಲುಪದೇ ಇರಬಹುದು. ತಲುಪಿದರೂ ಕೆಲಸ ಆಗದಿರಬಹುದು. ಕೆಲಸವಾಗಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಕೇಳಿದವರಿಗೆ ಈ ಮೂರೂ ಒಂದೇ ರೀತಿ ಕಾಣುತ್ತವೆ. ಕೂಡಲೇ ಹಣ ಹಿಂತಿರುಗಿಸಿದರೆ, ಮೂರನೆಯ ಸಂದರ್ಭದಲ್ಲಿ ಹಣ ಇಬ್ಬರ ಬಳಿಯೂ ಉಳಿಯುತ್ತದೆ!

ಇದಕ್ಕೆ ಪರಿಹಾರ, ಪ್ರತಿ ವಹಿವಾಟಿಗೂ ಪ್ರತ್ಯೇಕ ಸಂಖ್ಯೆ. ಅದೇ ಸಂಖ್ಯೆಯ ಸಂದೇಶ ಮತ್ತೆ ಬಂದರೆ ಬ್ಯಾಂಕು ಹಣವನ್ನು ಎರಡನೆಯ ಸಲ ಮುಟ್ಟದೆ ಹಳೆಯ ಉತ್ತರವನ್ನೇ ಕೊಡಬೇಕು. ಆಗಲೂ ಅನಿಶ್ಚಿತವಾಗಿ ಉಳಿದವುಗಳನ್ನು ನಂತರ ಬ್ಯಾಂಕುಗಳು ಲೆಕ್ಕ ತಾಳೆ ನೋಡಿ ಇತ್ಯರ್ಥ ಮಾಡುತ್ತವೆ. ಆದರೆ ಗ್ರಾಹಕರು ತಾವಾಗಿ ಮತ್ತೆ ಪಾವತಿಸಿದರೆ ಹೊಸ ಸಂಖ್ಯೆ ಹುಟ್ಟುತ್ತದೆ. ಗಣಕಕ್ಕೆ ಅದು ಬೇರೆಯೇ ವ್ಯವಹಾರ. ಆದ್ದರಿಂದ ಮೊದಲಿನ ಪಾವತಿಯ ಸ್ಥಿತಿ ನೋಡದೆ ಮತ್ತೆ ಪಾವತಿಸಬಾರದು.

ರಿಸರ್ವ್ ಬ್ಯಾಂಕ್ 2019ರ ಅಕ್ಟೋಬರ್ 15ರಿಂದ ಜಾರಿಗೆ ತಂದ ನಿಯಮದಂತೆ, ವ್ಯಕ್ತಿಗೆ ಕಳುಹಿಸಿದ ಹಣ ಜಮಾ ಆಗದಿದ್ದರೆ ಮರುದಿನದೊಳಗೆ, ವ್ಯಾಪಾರಿಗೆ ಮಾಡಿದ ಪಾವತಿ ದೃಢಪಡದಿದ್ದರೆ 5 ದಿನಗಳೊಳಗೆ ಹಿಂತಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಶಿಕ್ಷಕರು ಊರಿನವರಿಗೆ ತಿಳಿಸಬೇಕಾದ ಹಕ್ಕು ಇದು.

ಅತಿಯಾದ ವಿಚಾರಣೆ

2025ರ ಆಗಸ್ಟ್‌ನಲ್ಲಿ ಯುಪಿಐ ಮೂಲಕ 2,000 ಕೋಟಿಗೂ ಹೆಚ್ಚು ವಹಿವಾಟುಗಳು ನಡೆದವು. ಸರಾಸರಿ ಸೆಕೆಂಡಿಗೆ ಸುಮಾರು 7,500! ಈ ಪ್ರಮಾಣದಲ್ಲಿ ‘ಏನಾಯಿತು?’ ಎಂದು ಕೇಳುವುದೂ ಹೊರೆಯೇ. ಅದೇ ವರ್ಷ ಏಪ್ರಿಲ್ 12ರಂದು ವ್ಯವಸ್ಥೆ ಅಸ್ತವ್ಯಸ್ತವಾಯಿತು. ಕೆಲವು ಬ್ಯಾಂಕುಗಳು ಹಳೆಯ ವಹಿವಾಟುಗಳ ಸ್ಥಿತಿಯನ್ನು ಪದೇ ಪದೇ ವಿಚಾರಿಸಿದ್ದು ಇದಕ್ಕೆ ಕಾರಣವೆಂದು ಪರಿಶೀಲನೆಯಲ್ಲಿ ಕಂಡುಬಂತು. ಬಳಿಕ ನಿಗಮವು ಮೊದಲ ವಿಚಾರಣೆಗೆ 90 ಸೆಕೆಂಡು ಕಾಯಬೇಕು, 2 ಗಂಟೆಗಳಲ್ಲಿ 3 ಬಾರಿಗಿಂತ ಹೆಚ್ಚು ಕೇಳಬಾರದು ಎಂಬ ಮಿತಿ ವಿಧಿಸಿತು. ಕಾಯುವುದನ್ನು ಕಲಿಸುವುದೂ ವಿನ್ಯಾಸದ ಭಾಗ.

ತರಗತಿಯಲ್ಲಿ ಮಾಡಿ ನೋಡಿ

ಐವರು ವಿದ್ಯಾರ್ಥಿಗಳು ಕೊಡುವವರು, ಅವರ ಬ್ಯಾಂಕು, ಕೇಂದ್ರ, ಪಡೆಯುವವರ ಬ್ಯಾಂಕು, ಪಡೆಯುವವರು ಆಗಲಿ. ಸಂದೇಶಗಳನ್ನು ಚೀಟಿಯಲ್ಲಿ ಬರೆದು ಕಳುಹಿಸಲಿ. ನಡುವೆ ಶಿಕ್ಷಕರು ಯಾವುದಾದರೂ ಒಂದು ಚೀಟಿಯನ್ನು ಗುಟ್ಟಾಗಿ ತೆಗೆದಿಡಲಿ. ಮೊದಲು ಸಂಖ್ಯೆಯಿಲ್ಲದ ಚೀಟಿಗಳಿಂದ, ನಂತರ ಸಂಖ್ಯೆಯಿರುವ ಚೀಟಿಗಳಿಂದ ಆಡಿ. ಪ್ರತಿ ಸಲವೂ ಎರಡು ಬ್ಯಾಂಕುಗಳ ಪುಸ್ತಕದ ಮೊತ್ತವನ್ನೂ ದಾರಿಯಲ್ಲಿರುವ ಹಣವನ್ನೂ ಕೂಡಿಸಿ. ಆಟದ ಮೊದಲು ಎಷ್ಟಿತ್ತೋ ಕೊನೆಗೂ ಅಷ್ಟೇ ಇದ್ದರೆ ನಿಮ್ಮ ವಿನ್ಯಾಸ ಸರಿಯಿದೆ.