ಅಂಡಮಾನ್ ಟ್ರಿಪ್: ದುಡ್ಡು ಹೋಗೋದೆಲ್ಲಿ?

ಹೊಸಪೇಟೆ, ಸಂಡೂರು, ಕಂಪ್ಲಿ ಗೆಳೆಯರೇ, ಅಂಡಮಾನ್ ಪ್ಯಾಕೇಜ್ ರೇಟ್ ನೋಡಿದ ತಕ್ಷಣ ಹೂಂ ಅನ್ನಬೇಡಿ. ಬಹಳ ಸಲ ಆ ರೇಟ್ ಶುರುವಾಗೋದೇ ಪೋರ್ಟ್ ಬ್ಲೇರ್‌ನಿಂದ. 2024ರಿಂದ ಅದು ಶ್ರೀ ವಿಜಯಪುರಂ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರು, ಅಲ್ಲಿಂದ ವಿಮಾನ, ಇದೆಲ್ಲ ನಿಮ್ಮ ಜೇಬಿಂದ. ಚೆನ್ನೈನಿಂದ ಹಡಗು ಅಗ್ಗ ನಿಜ, ಆದ್ರೆ ಹೋಗೋಕೇ ಸುಮಾರು ಮೂರು ದಿನ. ರಜೆ ಎಲ್ಲಿಂದ ತರ್ತೀರಿ?

ಹ್ಯಾವ್‌ಲಾಕ್‌ಗೆ ಸರ್ಕಾರಿ ಫೆರ್ರಿ ಹಿಡೀರಿ, ಖಾಸಗಿಗಿಂತ ಕಡಿಮೆ. ಮಳೆಗಾಲದಲ್ಲಿ ರೂಮು ಅಗ್ಗ. ಆದ್ರೆ ಸಮುದ್ರ ಎದ್ದರೆ ಫೆರ್ರಿ ನಿಲ್ಲುತ್ತೆ, ನಮ್ಮಲ್ಲಿ ಹೊಳೆ ಬಂದಾಗ ಹರಿಗೋಲು ನಿಂತ ಹಾಗೆ. ಅದಕ್ಕೇ ವಾಪಸ್ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ. ವಿಮಾನ ತಪ್ಪಿದ್ರೆ ಉಳಿಸಿದ್ದೆಲ್ಲ ಹೊಸ ಟಿಕೆಟ್‌ಗೇ ಹೋಗುತ್ತೆ.

ಅಷ್ಟು ಬಜೆಟ್ ಇಲ್ವಾ? ಮಳೆಗಾಲ ಬಿಟ್ಟು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಇದೆ. ರಾತ್ರಿ ಉಳಿಯೋ ಹಾಗಿಲ್ಲ, ಅಷ್ಟೇ.